ಸಂಪಾಜೆ ಗೇಟಿನಲ್ಲಿ ಮೂರು ಗಂಟೆ

ಪ್ರವಾಸ ಲೇಖನ ಎಂದೊಡನೆ ವೇಳಾಂಕಣಿ, ಹಳೆ ಗೋವ, ಹೆಚ್ಚೆಂದರೆ ರೋಮ್, ಜೆರುಸಲೇಮ್ ನೆನಪಿಗೆ ಬರುವುದು ವಾಡಿಕೆ. ನಾವು ಹೇಳಹೊರಟಿರುವುದು ಸೀತಾಂಗೋಳಿಯ ಹತ್ತಿರದ ನಮ್ಮ ಮನೆಯಿಂದ ಮಡಿಕೇರಿಗೆ ಹೋದ ಕಥೆ. ದೂರ ಎಷ್ಟು? ನೂರು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ. ಆದರೆ ಕಳೆದ ಜನವರಿಯ ಒಂದು ಶನಿವಾರ ನಮಗೆ ಆ ದಾರಿ ಇಡೀ ದಿನ ಹಿಡಿಯಿತು. ದಾರಿಯ ನಡುವೆ ಮೂರು ಗಂಟೆ ಕುಳಿತಲ್ಲಿ ನಾವು ಕಲಿತದ್ದನ್ನು ನಾಲ್ಕು ಮನೆಯವರಿಗೆ ಹೇಳಬೇಕು ಎಂದು ಅಮ್ಮನೇ ಒತ್ತಾಯ ಮಾಡಿದ್ದರಿಂದ ಈ ಬರಹ.

ನಾವು ಗಂಡ ಹೆಂಡತಿ ಇಬ್ಬರೂ ಸೇರಿ ಬರೆಯುತ್ತಿದ್ದೇವೆ. ಕಾರು ಓಡಿಸಿದವರು ಒಬ್ಬರು, ಪಕ್ಕದಲ್ಲಿ ಕುಳಿತು ಹೇಳಿಕೊಟ್ಟವರು ಇನ್ನೊಬ್ಬರು. ತಪ್ಪು ಮಾಡಿದವರು ಇಬ್ಬರೂ. ಆದ್ದರಿಂದ ‘ನಾವು’ ಎಂದೇ ಬರೆಯುವುದು ನ್ಯಾಯ.

ಅಮ್ಮನ ತಂಗಿ

ನಮ್ಮ ಅಮ್ಮನಿಗೆ ಈಗ 78 ವರ್ಷ. ಅವರ ಒಬ್ಬಳೇ ತಂಗಿಯನ್ನು ಮಡಿಕೇರಿ ಕಡೆಯ ಕಾಫಿ ತೋಟದ ಮನೆಗೆ ಮದುವೆ ಮಾಡಿ ಕೊಟ್ಟು ಐವತ್ತು ವರ್ಷ ತುಂಬಿತ್ತು. ಸುವರ್ಣ ಮಹೋತ್ಸವದ ಬಲಿಪೂಜೆ ಶನಿವಾರ ಸಂಜೆ 4 ಗಂಟೆಗೆ. ಚಿಕ್ಕಮ್ಮನಿಗೆ ಎರಡು ವರ್ಷದಿಂದ ಮೊಣಕಾಲು ನೋವು, ಘಾಟಿ ಇಳಿದು ಬರುವಂತಿಲ್ಲ. ಅಮ್ಮನಿಗೆ ಬಸ್ಸಿನಲ್ಲಿ ವಾಂತಿ, ಘಾಟಿ ಹತ್ತುವಂತಿಲ್ಲ. ಅಕ್ಕ ತಂಗಿಯರು ಮುಖ ನೋಡದೆ ಮೂರು ವರ್ಷ ಆಗಿತ್ತು. “ಈ ಸಲ ಹೇಗಾದರೂ ಕಾರಿನಲ್ಲಿ ಕರಕೊಂಡು ಹೋಗಿ ಮಕ್ಕಳೇ, ಮತ್ತೆ ಯಾರಿಗೆ ಗೊತ್ತು” ಎಂದು ಅಮ್ಮ ಡಿಸೆಂಬರಿನಿಂದಲೇ ಹೇಳುತ್ತಿದ್ದರು.

ನಮ್ಮ ಕಾರು 2009ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿ ನಿಂತ ಈ ಚಿಕ್ಕ ಕಾರು ನಮ್ಮಂಥ ಎಷ್ಟೋ ಮನೆಗಳ ಮೊದಲ ಕಾರು. 15 ವರ್ಷ ತುಂಬಿದಾಗ ಮಾರಿಬಿಡಿ ಎಂದವರು ಬಹಳ ಮಂದಿ. ಅಪ್ಪ ಕೊಂಡ ಕಾರು, ಅದರಲ್ಲೇ ಅವರು ಕೊನೆಯ ಸಲ ಇಗರ್ಜಿಗೆ ಹೋದದ್ದು. ಮಾರಲು ಮನಸ್ಸಾಗದೆ ಆರ್‌ಸಿ ನವೀಕರಿಸಿ ಇಟ್ಟುಕೊಂಡೆವು. ಆದರೆ ವಯಸ್ಸು ಯಾರನ್ನೂ ಬಿಡುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮೂರನೇ ಗೇರು ತಾನಾಗಿಯೇ ಹೊರಗೆ ಜಿಗಿಯತೊಡಗಿತು. ಆ ಗೇರಿನ ಕೋಲನ್ನು ಕೈಯಲ್ಲಿ ಹಿಡಿದೇ ಓಡಿಸಬೇಕು. ಹೀಗೆ ಘಾಟಿ ಹತ್ತುವುದುಂಟೇ?

ನಮ್ಮೂರಿನಲ್ಲಿ ಐಟಿಐ ಕಲಿತು ರಸ್ತೆ ಬದಿಯಲ್ಲಿ ಸಣ್ಣ ಗ್ಯಾರೇಜು ಹಾಕಿದ ಹುಡುಗನೊಬ್ಬನಿದ್ದಾನೆ. ನಮ್ಮ ಮನೆಯಿಂದ ಮೂರನೇ ಮನೆಯವನು. ಹಳೆಯ ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡುವುದಕ್ಕಿಂತ ಗುಜರಿಯಿಂದ ಒಳ್ಳೆಯದೊಂದನ್ನು ತಂದು ಹಾಕುವುದು ಅಗ್ಗ ಎಂದು ಅವನೇ ಹೇಳಿದ. ಹೇಗೂ ಗೇರ್‌ಬಾಕ್ಸ್ ಇಳಿಸುವಾಗ ಕ್ಲಚ್ ಸೆಟ್ ಕೂಡ ಹೊಸದು ಹಾಕುವುದು ಲೇಸು, ಇಲ್ಲದಿದ್ದರೆ ಅದಕ್ಕಾಗಿ ಇನ್ನೊಮ್ಮೆ ಇಳಿಸಬೇಕಾಗುತ್ತದೆ ಎಂದ. ಅದೂ ಸರಿಯಾದ ಮಾತು. ಒಪ್ಪಿದೆವು.

ಗುಜರಿಯ ಗೇರ್‌ಬಾಕ್ಸ್ ಸಿಗುವಾಗಲೇ ಗುರುವಾರ ಆಯಿತು. ಶುಕ್ರವಾರ ಕತ್ತಲಾದರೂ ಹುಡುಗ ಕಾರಿನ ಕೆಳಗೆ ಮಲಗಿದ್ದ. ನಾವು ಎರಡು ಸಲ ಹೋಗಿ ತಲೆಯ ಮೇಲೆ ನಿಂತೆವು. ಕರೆಂಟು ಬೇರೆ ಇರಲಿಲ್ಲ. ಮೊಬೈಲಿನ ಬೆಳಕು ಹಿಡಿದವರು ನಾವೇ. “ನಾಳೆ ಬೆಳಗ್ಗೆ ಹಗಲು ಬೆಳಕಿನಲ್ಲಿ ಒಂದು ಸಲ ಎಲ್ಲ ನೋಡಿ, ಬದಿಯಡ್ಕದವರೆಗೆ ಓಡಿಸಿ ಕೊಡ್ತೇನೆ ಅಂಕಲ್” ಎಂದ. “ಇಲ್ಲ ಇಲ್ಲ, ಎಂಟೂವರೆಗೆ ಹೊರಡಬೇಕು, ಈಗಲೇ ಕೊಡು” ಎಂದೆವು. ಗೇರು ಬೀಳುತ್ತಿತ್ತು, ಕಾರು ಹೊರಟಿತು. ಹಣ ಕೊಟ್ಟು ತಂದು ನಿಲ್ಲಿಸಿದೆವು.

ಕುಂಬಳೆ ರಸ್ತೆಯಿಂದ ಪಯಸ್ವಿನಿಯ ಬದಿಗೆ

ಬೆಳಿಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ ಗರ್... ಗರ್... ಎಂದು ನಿದ್ದೆಯಿಂದ ಏಳುವವರ ಹಾಗೆ ನಿಧಾನಕ್ಕೆ ತಿರುಗಿತು. ಬ್ಯಾಟರಿ ಹಳೆಯದಾಗಿದೆ ಎಂದುಕೊಂಡೆವು. ಹಿಂದಿನ ಸೀಟಿನಲ್ಲಿ ಅಮ್ಮ, ಎಂಟನೇ ತರಗತಿಯ ಮಗಳು, ಅವರಿಬ್ಬರ ನಡುವೆ ಕಾಗದದಲ್ಲಿ ಮೂರು ಸುತ್ತು ಸುತ್ತಿದ ಒಣಮೀನಿನ ಕಟ್ಟು. “ಮಡಿಕೇರಿಯಲ್ಲಿ ಎಲ್ಲ ಸಿಗ್ತದೆ, ನಮ್ಮ ಕಡಲಿನ ಒಣಮೀನು ಸಿಗುವುದಿಲ್ಲ” ಎಂಬುದು ಅಮ್ಮನ ವಾದ. ಡಿಕ್ಕಿಯಲ್ಲಿ ಕುಸ್ವಾರಿನ ಡಬ್ಬ, ಉಡುಗೊರೆ.

ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ ದಾಟಿ ಮುಳ್ಳೇರಿಯಕ್ಕೆ ಹೋಗುವ ರಸ್ತೆ ಈಗ ಚೆನ್ನಾಗಿದೆ. ಎರಡು ಬದಿಯಲ್ಲೂ ಮುರಕಲ್ಲಿನ ಗುಡ್ಡ, ಗೇರುಮರ, ತಗ್ಗಿನಲ್ಲಿ ಅಡಿಕೆ ತೋಟ. ಜನವರಿ ತಿಂಗಳಾದ್ದರಿಂದ ಅಂಗಳಗಳಲ್ಲಿ ಅಡಿಕೆ ಒಣಗಲು ಹಾಕಿದ್ದರು. ಬದಿಯಡ್ಕದಲ್ಲಿ ಹೂವಿನ ಹಾರ ಕೊಳ್ಳಲು ನಿಲ್ಲಿಸಿದೆವು. ಮತ್ತೆ ಹೊರಡುವಾಗ ಕ್ಲಚ್ ಪೆಡಲ್ ಸ್ವಲ್ಪ ಗಟ್ಟಿಯಾದಂತೆ ಕಂಡಿತು. ಹೊಸ ಕ್ಲಚ್ ಅಲ್ಲವೇ, ಹಾಗೆಯೇ ಇರುತ್ತದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಮುಳ್ಳೇರಿಯದಲ್ಲಿ ಚೆರ್ಕಳದಿಂದ ಬರುವ ಜಾಲ್ಸೂರು ರಸ್ತೆ ಸೇರಿಕೊಳ್ಳುತ್ತದೆ. ಆದೂರು ದಾಟಿದ ಮೇಲೆ ಕಾಡು ಹೆಚ್ಚು, ಮನೆ ಕಡಿಮೆ. ಮಲಯಾಳದ ಬೋರ್ಡುಗಳು ಮುಗಿದು ಕನ್ನಡದ ಬೋರ್ಡುಗಳು ಆರಂಭವಾಗುವ ಜಾಗವನ್ನು ಮಗಳು ಪ್ರತಿ ಸಲ ಕಾದು ನೋಡುತ್ತಾಳೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಗಡಿ ಇದೆ. ಆದರೆ ಗಡಿಯ ಎರಡೂ ಬದಿಯ ಅಂಗಡಿಗಳಲ್ಲಿ ಕೇಳುವುದು ಅದೇ ತುಳು, ಅದೇ ಕನ್ನಡ, ನಡುವೆ ಒಂದಿಷ್ಟು ಮಲಯಾಳ.

ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಬ್ಬಳು ಈ ದಾರಿಯಲ್ಲಿ ಜೊತೆಯಾಗುತ್ತಾಳೆ, ಪಯಸ್ವಿನಿ ಹೊಳೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಅರಂತೋಡು, ಸುಳ್ಯಗಳ ಬದಿಯಿಂದ ಇಳಿದು ನಮ್ಮ ಜಿಲ್ಲೆಗೆ ಬರುತ್ತಾಳೆ. ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುವ ನೀರಿನಲ್ಲಿ ಅವಳ ಪಾಲೂ ಇದೆ. ಮಡಿಕೇರಿಗೆ ಹೋಗುವುದೆಂದರೆ ನಮಗೆ ಈ ಹೊಳೆಯ ಎದುರು ದಿಕ್ಕಿನಲ್ಲಿ, ಅದರ ತವರಿನ ಕಡೆಗೆ ಹೋಗುವುದು.

ಸುಳ್ಯದಲ್ಲಿ ಅಮ್ಮನಿಗೆ ಚಹಾ ಬೇಕಾಯಿತು. ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ಕಾಲೇಜುಗಳಿಂದ ಬೆಳೆದ ಊರು ಇದು. 1837ರಲ್ಲಿ ಬ್ರಿಟಿಷರ ವಿರುದ್ಧ ಇಲ್ಲಿಂದ ಹೊರಟ ರೈತರು ಮಂಗಳೂರಿನವರೆಗೆ ನಡೆದು ಹೋದರೆಂದು ಮಗಳು ಶಾಲೆಯಲ್ಲಿ ಬರೆದ ಪ್ರಬಂಧವನ್ನು ಬಾಯಿಪಾಠ ಒಪ್ಪಿಸಿದಳು. ಚಹಾ ಕುಡಿದು ಸೆಲ್ಫ್ ಹೊಡೆದರೆ ಮತ್ತೆ ಅದೇ ಗರ್... ಗರ್.... ಈ ಸಲ ಪೆಡಲ್ ಒತ್ತಲು ಎಡಗಾಲಿನ ಇಡೀ ಬಲ ಬೇಕಾಯಿತು. ಒಂದನೇ ಗೇರು ಕರಕರ ಎಂದು ಹಲ್ಲು ಕಡಿದು ಬಿತ್ತು. ಮುಂದೆ ಘಾಟಿ. ಹಿಂದೆ ಹೋಗೋಣವೇ ಎಂದು ಒಂದು ಮನಸ್ಸು. ಕಾದು ಕುಳಿತಿರುವ ಚಿಕ್ಕಮ್ಮನ ಮುಖ ಇನ್ನೊಂದು ಕಡೆ. ಮುಂದೆಯೇ ಹೋದೆವು.

ಗೇಟಿನಲ್ಲಿ ನಿಂತದ್ದು

ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆ ಮುಟ್ಟುವಾಗ ಹನ್ನೊಂದೂಕಾಲು. ದಕ್ಷಿಣ ಕನ್ನಡ ಮುಗಿದು ಕೊಡಗು ಆರಂಭವಾಗುವ ಊರು. ತಪಾಸಣೆಯ ಗೇಟು ಇರುವುದರಿಂದ ‘ಸಂಪಾಜೆ ಗೇಟು’ ಎಂದೇ ಹೆಸರು. ಮುಂದಿದ್ದ ಲಾರಿ ನಿಂತಿತು, ನಾವೂ ನಿಂತೆವು. ಲಾರಿ ಹೊರಟಿತು, ನಾವು ಹೊರಡಲಿಲ್ಲ. ಗೇರು ಬೀಳುವುದೇ ಇಲ್ಲ. ಬಲವಂತ ಮಾಡಿದರೆ ಕರಕರ, ಪೆಡಲ್ ಪೂರ್ತಿ ಒತ್ತಿದರೂ ಕಾರು ಮುಂದಕ್ಕೆ ಜಗ್ಗಿ ಇಂಜಿನ್ ನಿಂತುಹೋಯಿತು. ಮತ್ತೆ ಸೆಲ್ಫ್, ಮತ್ತೆ ನಿಂತಿತು. ಪ್ಲಾಸ್ಟಿಕ್ ಸುಟ್ಟಂಥ ವಾಸನೆ. ಹಿಂದೆ ಬಸ್ಸಿನ ಹಾರನ್ನು. ಅಮ್ಮ ಜಪಮಾಲೆ ತೆಗೆದರು.

ನಾಲ್ಕು ಮಂದಿ ಸೇರಿ ಕಾರನ್ನು ಬದಿಗೆ ತಳ್ಳಿದರು. ಕೆಎಲ್ 14 ನಂಬರು ನೋಡಿ ಅವರು ಮಲಯಾಳದಲ್ಲಿ ಮಾತಾಡಿದರು. ನಾವು ಕನ್ನಡದಲ್ಲಿ ಉತ್ತರಿಸಿದೆವು. “ಓ, ಕಾಸರಗೋಡಿನವರಾ!” ಎಂದು ನಕ್ಕರು. ಕೇರಳದಲ್ಲಿ ಕನ್ನಡದವರು, ಕರ್ನಾಟಕದಲ್ಲಿ ಕೇರಳದವರು ಎಂಬ ನಮ್ಮ ಪಾಡು ನಿಮಗೆಲ್ಲ ಗೊತ್ತಿರುವುದೇ.

ಕಾರು ಕೆಟ್ಟಲ್ಲಿ ವೈದ್ಯರಿಗೆ ಬರಗಾಲವಿಲ್ಲ. ಗೇರ್‌ಬಾಕ್ಸ್ ನಿನ್ನೆ ತಾನೇ ಬದಲಾಯಿಸಿದ್ದು ಎಂದ ಕೂಡಲೇ ಜೀಪಿನವರೊಬ್ಬರು, “ಹಾಗಾದರೆ ಕ್ಲಚ್ ಪ್ಲೇಟನ್ನು ತಿರುಗಿಸಿ ಹಾಕಿದ್ದಾನೆ, ಸಂಶಯವೇ ಇಲ್ಲ” ಎಂದರು. ಪಿಕಪ್ಪಿನವರು, “ಗುಜರಿಯ ಗೇರ್‌ಬಾಕ್ಸ್ ಅಲ್ವಾ, ಒಳಗಿನ ಫೋರ್ಕ್ ಬಗ್ಗಿರ್ತದೆ” ಎಂದರು. ಮೂರನೆಯವರು, “ಕೇಬಲ್ ಟೈಟ್ ಮಾಡಿ, ಹೋಗ್ತದೆ” ಎಂದರು. ಮೂವರಿಗೂ ಒಂದು ಮಾತಿನಲ್ಲಿ ಒಮ್ಮತ: ಕೆಲಸ ಮಾಡಿದವನು ಸರಿ ಇಲ್ಲ.

ನಮಗೆ ಬೇಕಾದದ್ದೂ ಅದೇ ಮಾತು. ಸಿಗ್ನಲ್ ಹುಡುಕಿ ಹುಡುಗನಿಗೆ ಫೋನು ಮಾಡಿದೆವು. ಆಗ ನಾವಾಡಿದ ಮಾತುಗಳು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂಥವಲ್ಲ. ಅವನು ಎದುರು ಮಾತಾಡಲಿಲ್ಲ. “ಎಲ್ಲಿದ್ದೀರಿ ಅಂಕಲ್?” ಎಂದಷ್ಟೇ ಕೇಳಿದ. ಫೋನಿಟ್ಟ ಮೇಲೆ ಅಮ್ಮ ಜಪಮಾಲೆಯಿಂದ ಕಣ್ಣೆತ್ತದೆ, “ನಿನ್ನೆ ರಾತ್ರಿ ಅವನನ್ನು ಓಡಿಸಿದವರು ಯಾರು?” ಎಂದರು. ನಾವು ಕೇಳಿಸದವರ ಹಾಗೆ ಇದ್ದೆವು.

“ಓಡಿ ಓಡಿ ಗಟ್ಟಿಯಾಯಿತಾ, ನಿಲ್ಲಿಸಿ ನಿಲ್ಲಿಸಿಯಾ?”

ಗೇಟಿನಿಂದ ಸ್ವಲ್ಪ ಹಿಂದೆ ತಗಡಿನ ಮಾಡಿನ ಒಂದು ಗ್ಯಾರೇಜು. ಅಲ್ಲಿಂದ ಬಂದವರು ಎಪ್ಪತ್ತರ ಆಸುಪಾಸಿನ ಹಿರಿಯರು. ಕನ್ನಡಿಗೆ ನೇತುಹಾಕಿದ್ದ ಶಿಲುಬೆ ನೋಡಿ, “ಎಂತ ಆಯಿತು ಪೊರ್ಬುಗಳೇ?” ಎಂದರು. ನಾವು ಕಾರಿನ ಕಥೆ, ಗುಜರಿಯ ಕಥೆ, ಹುಡುಗನ ಕಥೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆವು. ಅವರು ಅದನ್ನೆಲ್ಲ ಬಿಟ್ಟು ಒಂದೇ ಪ್ರಶ್ನೆ ಕೇಳಿದರು: “ಪೆಡಲ್ ಓಡಿ ಓಡಿ ಗಟ್ಟಿಯಾಯಿತಾ, ನಿಲ್ಲಿಸಿ ನಿಲ್ಲಿಸಿ ಗಟ್ಟಿಯಾಯಿತಾ?”

ನಮಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ಸೀಟಿನಿಂದ ಮಗಳು ಹೇಳಿದಳು: “ನಿಲ್ಲಿಸಿದಾಗ. ಬದಿಯಡ್ಕದಲ್ಲಿ ನಿಲ್ಲಿಸಿ ಹೊರಟಾಗ ಸ್ವಲ್ಪ, ಸುಳ್ಯದಲ್ಲಿ ನಿಲ್ಲಿಸಿ ಹೊರಟಾಗ ಜಾಸ್ತಿ.” ಹಿರಿಯರು ಅವಳತ್ತ ನೋಡಿ ತಲೆಯಾಡಿಸಿದರು. “ಸೆಲ್ಫ್ ನಿಧಾನ ಇದೆಯಾ?” ಇದೆ ಎಂದೆವು. “ಹಾಂ, ನೋಡುವ.”

ಮೊದಲು ಇಂಜಿನ್ ನಿಲ್ಲಿಸಿ ಗೇರು ಹಾಕಿ ನೋಡಿದರು. ನಾಲ್ಕೂ ಗೇರುಗಳು, ರಿವರ್ಸ್ ಕೂಡ, ಬೆಣ್ಣೆಯ ಹಾಗೆ ಬಿದ್ದವು. “ಗೇರ್‌ಬಾಕ್ಸಿಗೆ ಎಂತದೂ ಆಗಿಲ್ಲ” ಎಂದರು. ಇಂಜಿನ್ ಯಾವಾಗಲೂ ತಿರುಗುತ್ತಲೇ ಇರುತ್ತದೆ. ಗೇರು ಹಾಕುವ ಹೊತ್ತಿಗೆ ಮಾತ್ರ ಇಂಜಿನ್ ಮತ್ತು ಗೇರ್‌ಬಾಕ್ಸ್ ಹಿಡಿದುಕೊಂಡಿರುವ ಕೈಯನ್ನು ಕ್ಲಚ್ ಬಿಡಿಸಬೇಕು. ನಿಂತ ಇಂಜಿನ್ನಿನಲ್ಲಿ ಸಲೀಸಾಗಿ ಬೀಳುವ ಗೇರು ತಿರುಗುವ ಇಂಜಿನ್ನಿನಲ್ಲಿ ಬೀಳುವುದಿಲ್ಲವೆಂದರೆ ಆ ಕೈ ಬಿಡುತ್ತಿಲ್ಲ ಎಂದರ್ಥ.

“ಪ್ಲೇಟ್ ತಿರುಗಿಸಿ ಹಾಕಿದ್ದರೆ?” ಎಂದರು ಜೀಪಿನವರು. “ಹಾಗಿದ್ದರೆ ಮನೆಯ ಗೇಟಿನಲ್ಲೇ ಗೊತ್ತಾಗ್ತಿತ್ತು. ಎಪ್ಪತ್ತು ಕಿಲೋಮೀಟರ್ ಬಂದ ಮೇಲೆ ಯಾಕೆ?” “ಫೋರ್ಕ್?” “ಇರಬಹುದು. ಅದನ್ನು ನೋಡಲಿಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಅರ್ಧ ದಿನದ ಕೆಲಸ. ಹೊರಗೆ ಇರುವುದನ್ನು ನೋಡದೆ ಒಳಗೆ ಯಾಕೆ ಕೈ ಹಾಕುವುದು?” ಕೇಬಲ್ ಟೈಟ್ ಮಾಡುವ ಮಾತಿಗೂ ಉತ್ತರವಿತ್ತು. ಪೆಡಲಿಗೆ ಮೊದಲು ಒಂದು ಬೆರಳಿನಷ್ಟು ಸಡಿಲು ಇರಲೇಬೇಕು. ಆ ಸಡಿಲು ಇಲ್ಲದಂತೆ ಬಿಗಿದರೆ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಕ್ಲಚ್ ಜಾರಲು ಆರಂಭವಾಗಿ, ಹೊಸ ಪ್ಲೇಟು ಘಾಟಿಯಲ್ಲೇ ಸುಟ್ಟುಹೋಗುತ್ತದೆ.

ಬಾನೆಟ್ ಎತ್ತಿ ಕ್ಲಚ್ ಕೇಬಲಿನ ಮೇಲೆ ಕೈಯಿಟ್ಟರು. “ಸೆಲ್ಫ್ ಹೊಡೆಯಿರಿ” ಎಂದರು. ಹೊಡೆದೆವು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಕೇಬಲಿನ ಕರಿಯ ಕವಚದಿಂದ ತೆಳ್ಳಗೆ ಹೊಗೆ! ಇಂಜಿನ್ನಿನ ಬಿಸಿ ತಾಗದ ಜಾಗದಲ್ಲಿ ತಂತಿ ಕುದಿಯುತ್ತಿತ್ತು.

ನಗುತ್ತಾ ಒಳಗೆ ಹೋಗಿ ಒಂದು ದಪ್ಪ ಜಂಪರ್ ವಯರ್ ತಂದರು. ಅದರ ಒಂದು ತುದಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ತುದಿ ಗೇರ್‌ಬಾಕ್ಸಿನ ಬರಿಯ ಲೋಹಕ್ಕೆ. “ಈಗ ಹೊಡೆಯಿರಿ.” ಇಂಜಿನ್ ಹೊಸ ಕಾರಿನ ಹಾಗೆ ಒಂದೇ ಏಟಿಗೆ ಎದ್ದಿತು. ನಾವು ಮುಖ ಮುಖ ನೋಡಿಕೊಂಡೆವು.

ಹಿರಿಯರು ವಿವರಿಸಿದ್ದು ಹೀಗೆ. ಇಂಜಿನ್ನೂ ಗೇರ್‌ಬಾಕ್ಸೂ ಕಾರಿನಲ್ಲಿ ರಬ್ಬರಿನ ಮೇಲೆ ಕುಳಿತಿರುತ್ತವೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ಮರಳಿ ಬರಬೇಕಲ್ಲ? ಅದಕ್ಕಾಗಿ ಗೇರ್‌ಬಾಕ್ಸಿಗೆ ಒಂದು ದಪ್ಪ ಅರ್ತ್ ವಯರನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಗೇರ್‌ಬಾಕ್ಸ್ ಇಳಿಸುವಾಗ ಅದನ್ನು ಬಿಚ್ಚಬೇಕು, ಏರಿಸಿದ ಮೇಲೆ ಮತ್ತೆ ಬಿಗಿಯಬೇಕು. ಬಿಗಿಯಲು ಮರೆತರೆ ಕರೆಂಟು ಸುಮ್ಮನಿರುವುದಿಲ್ಲ, ಇಂಜಿನ್ನನ್ನೂ ಬಾಡಿಯನ್ನೂ ಜೋಡಿಸುವ ಬೇರೆ ಲೋಹ ಯಾವುದಿದೆ ಎಂದು ಹುಡುಕುತ್ತದೆ. ಹಾಗೆ ಸಿಗುವುದು ಕ್ಲಚ್ಚಿನ ಉಕ್ಕಿನ ಕೇಬಲ್.

“2018ರಲ್ಲಿ ಈ ಘಾಟಿ ಕುಸಿದು ರಸ್ತೆ ಮುಚ್ಚಿದಾಗ ಜನ ಕರಿಕೆ, ಭಾಗಮಂಡಲದ ಸಣ್ಣ ರಸ್ತೆಯಲ್ಲಿ ಸುತ್ತಿ ಹೋಗಲಿಲ್ವಾ? ಹಾಗೆಯೇ ಇದು. ಸಣ್ಣ ರಸ್ತೆ ಎಷ್ಟು ದಿನ ತಡೆದೀತು?” ಎಂದರು.

ಸೆಲ್ಫ್ ಎಳೆಯುವ ಕರೆಂಟು ನೂರು ಆಂಪಿಯರಿಗೂ ಮೀರಬಹುದು. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಕೇಬಲ್ ಕಾಯುತ್ತದೆ. ಅದರ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಅಂಟುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಹೊರಗಿನ ಕವಚ ಮೆತ್ತಗಾಗಿ ಕುಗ್ಗುವುದರಿಂದ ಕಾಲು ಒತ್ತಿದಷ್ಟು ಎಳೆತ ಕ್ಲಚ್ಚಿಗೆ ಮುಟ್ಟುವುದಿಲ್ಲ. ಹೊಸ ಕ್ಲಚ್, ಒಳ್ಳೆಯ ಗೇರ್‌ಬಾಕ್ಸ್, ಆದರೂ ಗೇರು ಬೀಳುವುದಿಲ್ಲ. ಇಂಜಿನ್ ನಿಂತಂತೆಲ್ಲ ನಾವು ಮತ್ತೆ ಮತ್ತೆ ಸೆಲ್ಫ್ ಹೊಡೆದು ರೋಗವನ್ನು ಹೆಚ್ಚು ಮಾಡಿದ್ದೆವು.

ಬ್ಯಾಟರಿಯ ಕೆಳಗೆ ಕೈ ಹಾಕಿ ಹಿರಿಯರು ನೇತಾಡುತ್ತಿದ್ದ ಅರ್ತ್ ವಯರನ್ನು ಎತ್ತಿ ತೋರಿಸಿದರು. ತುದಿಯಲ್ಲಿ ಗ್ರೀಸು, ಮಣ್ಣು. ಮರಳು ಕಾಗದದಲ್ಲಿ ಉಜ್ಜಿ, ಗೇರ್‌ಬಾಕ್ಸಿನ ಮೇಲಿನ ತುಕ್ಕನ್ನೂ ಕೆರೆದು, ಒಂದು ಬೋಲ್ಟ್ ಹಾಕಿ ಬಿಗಿದರು. ಐದು ನಿಮಿಷದ ಕೆಲಸ. ಆದರೆ ಬೆಂದ ಕೇಬಲನ್ನು ಬದಲಾಯಿಸದೆ ಉಪಾಯವಿರಲಿಲ್ಲ. ಅವರಲ್ಲಿ ಈ ಕಾರಿನದು ಇರಲಿಲ್ಲ. ಸುಳ್ಯದ ಅಂಗಡಿಗೆ ಫೋನು ಮಾಡಿ, ಮಡಿಕೇರಿ ಬಸ್ಸಿನಲ್ಲಿ ಕೊಟ್ಟು ಕಳುಹಿಸುವಂತೆ ಹೇಳಿದರು. “ಒಂದು, ಒಂದೂವರೆ ಗಂಟೆ. ಕೂತುಕೊಳ್ಳಿ.”

ಕಾಯುತ್ತಾ ಕುಳಿತದ್ದು

ಸಂಪಾಜೆಯನ್ನು ನಾವು ಎಷ್ಟೋ ಸಲ ದಾಟಿದ್ದೇವೆ, ಒಮ್ಮೆಯೂ ನೋಡಿರಲಿಲ್ಲ. ಗ್ಯಾರೇಜಿನ ಹಿಂದೆ ಅಡಿಕೆ ತೋಟ, ಅದರಾಚೆ ಹೊಳೆ. ಮಗಳನ್ನು ಕರೆದುಕೊಂಡು ಇಳಿದೆವು. ಜನವರಿಯ ಪಯಸ್ವಿನಿ ಉರುಟು ಕಲ್ಲುಗಳ ನಡುವೆ ಸಣ್ಣಗೆ, ತಿಳಿಯಾಗಿ ಹರಿಯುತ್ತಿದ್ದಳು. ನಮ್ಮ ಕಡೆ ಈ ತಿಂಗಳುಗಳಲ್ಲಿ ತೋಟಕ್ಕೆ ನೀರು ನಿಲ್ಲಿಸಲು ಹೊಳೆ, ತೋಡುಗಳಿಗೆ ಕಟ್ಟ ಹಾಕುತ್ತಾರಲ್ಲ, ಆ ನೀರಿನ ಒಂದಂಶ ಇಲ್ಲಿಂದಲೇ ಬರುವುದು ಎಂದರೆ ಮಗಳು ನಂಬಲೊಲ್ಲಳು. ಒಂದು ಎಲೆಯನ್ನು ನೀರಿಗೆ ಬಿಟ್ಟು, “ನಮಗಿಂತ ಮೊದಲು ಇದು ಕಾಸರಗೋಡು ಮುಟ್ಟುತ್ತದಾ?” ಎಂದು ಕೇಳಿದಳು. ನಮ್ಮ ಕಾರಿನ ಸ್ಥಿತಿಯಲ್ಲಿ ಅದು ನ್ಯಾಯವಾದ ಪ್ರಶ್ನೆ.

ಇದೇ ನೀರು 2018ರ ಆಗಸ್ಟಿನಲ್ಲಿ ಕೆಂಪು ಮಣ್ಣು, ಮರ, ಬಂಡೆಗಳನ್ನು ಹೊತ್ತು ಇಳಿದಿತ್ತು. ಮೇಲಿನ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳೇ ಜಾರಿ ಜೀವಗಳು ಹೋದವು, ಮನೆಗಳು ಹೋದವು. ಈ ಹೆದ್ದಾರಿ ಹಲವು ವಾರ ಮುಚ್ಚಿತ್ತು. ಗ್ಯಾರೇಜಿನ ಹಿರಿಯರು ಅಂದು ನಿರಾಶ್ರಿತರಿಗೆ ಗಂಜಿ ಬೇಯಿಸಿದವರಲ್ಲಿ ಒಬ್ಬರು. “ಯಾವ ಜಾತಿ, ಯಾವ ಊರು ಎಂದು ಅವತ್ತು ಯಾರೂ ಕೇಳಲಿಲ್ಲ” ಎಂದಷ್ಟೇ ಹೇಳಿ ಅಮ್ಮನಿಗೆ ಕುಡಿಯಲು ನೀರು ತಂದುಕೊಟ್ಟರು.

ಮೇಲೆ ಬರುವಾಗ ಒಂದೂವರೆ ಗಂಟೆ. ಗ್ಯಾರೇಜಿನ ಮುಂದೆ ಧೂಳು ಮೆತ್ತಿದ ಬೈಕು. ಪಕ್ಕದಲ್ಲಿ ನಮ್ಮೂರಿನ ಹುಡುಗ!

ನಾವು ಫೋನಿಟ್ಟ ಕೂಡಲೇ ಗ್ಯಾರೇಜು ಮುಚ್ಚಿ ಹೊರಟಿದ್ದ. ಎಪ್ಪತ್ತು ಕಿಲೋಮೀಟರ್ ಬಿಸಿಲಿನಲ್ಲಿ ಬಂದಿದ್ದ. ಬೆನ್ನಿನ ಚೀಲದಲ್ಲಿ ಸ್ಪ್ಯಾನರುಗಳು ಮತ್ತು ಒಂದು ಹೊಸ ಕ್ಲಚ್ ಕೇಬಲ್. ಪೆಡಲ್ ಗಟ್ಟಿ ಎಂದು ನಾವು ಫೋನಿನಲ್ಲಿ ಕೂಗಿದ್ದರಿಂದ ಕೇಬಲ್ ಇರಬಹುದೆಂದು ಬದಿಯಡ್ಕದಲ್ಲಿ ಕೊಂಡಿದ್ದನಂತೆ. ನಾವು ಏನು ಹೇಳುವುದೆಂದು ತಿಳಿಯದೆ ನಿಂತೆವು.

ಹಿರಿಯರು ಅವನನ್ನು ಬೈಯಲಿಲ್ಲ. ಹತ್ತಿರ ಕರೆದು, ಬಾನೆಟ್ಟಿನೊಳಗೆ ಬೆರಳು ತೋರಿಸಿ, ಅವನಿಗೆ ಮಾತ್ರ ಕೇಳುವ ಹಾಗೆ ಏನೋ ಹೇಳಿದರು. ಹುಡುಗನ ಮುಖ ಬಾಡಿತು. “ಕತ್ತಲೆಯಲ್ಲಿ ಕಾಣಲಿಲ್ಲ. ಬೆಳಗ್ಗೆ ನೋಡಬೇಕೆಂದಿದ್ದೆ” ಎಂದ. ನಮ್ಮ ಹೆಸರು ಹೇಳಲಿಲ್ಲ. ಹೇಳಬಹುದಿತ್ತು.

ಅಮ್ಮ ಕಾರಿನಿಂದ ಇಳಿದು ಬಂದು ಅವನ ಬೆನ್ನು ತಟ್ಟಿದರು. “ಊಟ ಆಗಿದಾ ಮಗಾ?” ಆಗಿರಲಿಲ್ಲ. ದಾರಿಗೆಂದು ಕಟ್ಟಿಕೊಂಡಿದ್ದ ಚಪಾತಿ, ಪಲ್ಯ ಬಿಚ್ಚಿದರು. ಆಗ ನಮಗೂ ಬಾಯಿ ಬಂತು. “ಫೋನಿನಲ್ಲಿ ಹಾಗೆ ಹೇಳಬಾರದಿತ್ತು. ನೀನು ಒಂದು ದಿನ ಕೇಳಿದ್ದಿ, ನಾವು ಕೊಡಲಿಲ್ಲ. ತ���್ಪು ನಮ್ಮದೂ ಇದೆ” ಎಂದೆವು. ಅವನು ಚಪಾತಿಯನ್ನೇ ನೋಡುತ್ತಾ, “ಬೋಲ್ಟ್ ಹಾಕಬೇಕಾದದ್ದು ನಾನಲ್ವಾ ಅಂಕಲ್” ಎಂದ.

ಕೇಬಲನ್ನು ಅವನೇ ಹಾಕಿದ, ಹಿರಿಯರು ಪಕ್ಕದಲ್ಲಿ ಕುಳಿತು ಪೆಡಲಿನ ಸಡಿಲು ನೋಡಿದರು. ಕೆಲಸ ಮುಗಿಯುವ ಹೊತ್ತಿಗೆ ಬಸ್ಸೂ ಬಂತು. ಕಂಡಕ್ಟರು ಕಾಗದ ಸುತ್ತಿದ ಇನ್ನೊಂದು ಕೇಬಲನ್ನು ಕೈಗಿತ್ತು ಸೀಟಿ ಊದಿದರು. ಹಿರಿಯರು ಕೈಗೂಲಿ ಎಂದು ಇನ್ನೂರು ರೂಪಾಯಿ ಮಾತ್ರ ತೆಗೆದುಕೊಂಡರು. ಅಮ್ಮ ಒಣಮೀನಿನ ಕಟ್ಟಿನಿಂದ ಅವರಿಗೂ ಒಂದು ಪಾಲು ಮಾಡಿದರು. ಅದನ್ನು ಅವರು ಬೇಡವೆನ್ನಲಿಲ್ಲ.

ಘಾಟಿ ಹತ್ತಿ

ಎರಡೂಕಾಲಿಗೆ ಹೊರಟೆವು. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಹೆಚ್ಚುಕಡಿಮೆ ಉದ್ದಕ್ಕೂ ಏರು. ಕೊಯನಾಡು, ದೇವರಕೊಲ್ಲಿ, ಜೋಡುಪಾಲ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಗುಜರಿಯಿಂದ ಬಂದ ಗೇರ್‌ಬಾಕ್ಸ್ ಒಮ್ಮೆಯೂ ಮುನಿಯಲಿಲ್ಲ. ಪೆಡಲ್ ಮಗುವಿನ ಕಾಲಿಗೂ ಬಗ್ಗುವಷ್ಟು ಹಗುರ. ಕುಸಿದ ಗುಡ್ಡಗಳ ಗಾಯದ ಮೇಲೆ ಹಸಿರು ಚಿಗುರಿದೆ, ರಸ್ತೆ ಬದಿಗೆ ತಡೆಗೋಡೆಗಳು ಎದ್ದಿವೆ. ಮದೆನಾಡು ದಾಟಿದ ಮೇಲೆ ಗಾಳಿ ತಣ್ಣಗಾಯಿತು. ಅಮ್ಮ ಶಾಲು ಹೊದ್ದರು. ಅಲ್ಲಿಂದ ಮುಂದೆ ಕಣಗಳಲ್ಲಿ ಅಡಿಕೆಯ ಬದಲು ಕಾಫಿ ಹಣ್ಣು ಒಣಗುತ್ತಿತ್ತು. ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯ ಬೋರ್ಡು ಕಂಡಾಗ ಮೂರೂವರೆ.

ಬಲಿಪೂಜೆಯ ಪ್ರವೇಶ ಗೀತೆ ಆರಂಭವಾಗುವಾಗ ನಾವು ಬಾಗಿಲಲ್ಲಿದ್ದೆವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಚಿಕ್ಕಮ್ಮ ತಿರುಗಿ ತಿರುಗಿ ನೋಡುತ್ತಿದ್ದರು. ಅಮ್ಮನನ್ನು ಕಂಡದ್ದೇ ಮೊಣಕಾಲು ನೋವು ಮರೆತು ಎದ್ದು ನಿಂತರು. ಅಕ್ಕ ತಂಗಿಯರು ಏನೂ ಮಾತಾಡಲಿಲ್ಲ, ಕೈ ಹಿಡಿದು ಒಂದೇ ಬೆಂಚಿನಲ್ಲಿ ಕುಳಿತರು. ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಸೇರಿ ಒಣಮೀನಿನ ಚಟ್ನಿ ಅರೆಯುವುದು ಹೇಗೆಂದು ಜಗಳವಾಡುತ್ತಿದ್ದರು.

ಮರುದಿನ ಘಾಟಿಯನ್ನು ಹತ್ತಿದ ಗೇರಿನಲ್ಲೇ ಇಳಿದೆವು. ಇಳಿಜಾರಿನಲ್ಲಿ ಕ್ಲಚ್ ಒತ್ತಿ ಹಿಡಿಯಬಾರದು, ನ್ಯೂಟ್ರಲ್ ಮಾಡಬಾರದು ಎಂದು ಹಿರಿಯರು ಎರಡು ಸಲ ಹೇಳಿದ್ದರು. ಸಂಪಾಜೆಯಲ್ಲಿ ನಿಲ್ಲಿಸಿ ಅವರಿಗೆ ಕಾಫಿಪುಡಿ ಕೊಟ್ಟೆವು.

ಕಾರು ಇರುವ ಮನೆಯವರಿಗೆ ನಾವು ಕಲಿತ ನಾಲ್ಕು ಮಾತು. ಗೇರ್‌ಬಾಕ್ಸ್ ಇಳಿಸಿ ಏರಿಸಿದ ಮೇಲೆ ತೊಂದರೆ ಬಂದರೆ ಮೊದಲು ನೋಡಬೇಕಾದದ್ದು ಆಗ ಬಿಚ್ಚಿ ಹಾಕಿದ್ದನ್ನು: ಅರ್ತ್ ವಯರ್, ಕೇಬಲಿನ ಎರಡು ತುದಿಗಳು, ಪೆಡಲಿನ ಸಡಿಲು. ಸೆಲ್ಫ್ ನಿಧಾನ, ಕ್ಲಚ್ ಗಟ್ಟಿ, ಎರಡೂ ಒಟ್ಟಿಗೆ ಬಂದರೆ ಬ್ಯಾಟರಿಯನ್ನು ಮಾತ್ರ ದೂರಬೇಡಿ. ಇವೆಲ್ಲ ಸರಿಯಿದ್ದೂ ಗೇರು ಬೀಳದಿದ್ದರೆ ಮಾತ್ರ ಒಳಗಿನ ಪ್ಲೇಟು, ಫೋರ್ಕುಗಳ ಮಾತು. ನಾಲ್ಕನೆಯದು, ದೊಡ್ಡ ಕೆಲಸ ಆದ ಮರುದಿನವೇ ದೂರ ಹೊರಡಬೇಡಿ. ಕೆಲಸ ಮಾಡಿದವನು ಒಂದು ದಿನ ಕೇಳಿದರೆ ಕೊಟ್ಟುಬಿಡಿ.

ಬಸ್ಸಿನಲ್ಲಿ ಬಂದ ಆ ಎರಡನೆಯ ಕೇಬಲ್ ಈಗಲೂ ನಮ್ಮ ಡಿಕ್ಕಿಯಲ್ಲಿದೆ. ಹುಡುಗನ ಗ್ಯಾರೇಜಿನಲ್ಲಿ ಈಗ ಒಂದು ದೊಡ್ಡ ಟಾರ್ಚ್ ಲೈಟು ನೇತಾಡುತ್ತಿದೆ. ಅದು ಅಮ್ಮ ಕೊಡಿಸಿದ್ದು.